ಬೇಸಿಗೆ ಬೆಳೆ

ಮಳೆ ಯಾರಪ್ಪನ ಆಸ್ತಿಯೂ ಅಲ್ಲ. ಮುಂಗಾರು ಬಿದ್ದರೆ ಒಂದೆಕರೆ ದರಖಾಸ್ತು ಜಮೀನಿರೋನೂ ರಾಗಿ ಚೆಲ್ಲಿ ನಾಲ್ಕು ಮೂಟೆ ಕಾಣ್ತಾನೆ. ಬೇಸಿಗೆ ಬೆಳೆ ಹಾಗಲ್ಲ. ನಾಲೆ ನೀರು ಗದ್ದೆ ಬುಡಕ್ಕೆ ಹರಿಯೋನು, ಪಂಪ್‌ಸೆಟ್ಟಿರೋನು, ಅರ್ಧರಾತ್ರೀಲಿ ಕರೆಂಟು ಬಂದಾಗ ಎದ್ದು ನೀರು ಕಟ್ಟೋಕೆ ಆಳಿಟ್ಟಿರೋನು ಮಾತ್ರ ಬೇಸಿಗೆ ಬೆಳೆ ತೆಗೀತಾನೆ. ಸುತ್ತಮುತ್ತ ಎಲ್ಲ ಒಣಗಿ ಬಿರುಕು ಬಿಟ್ಟಿರುವಾಗ ಅವನ ಗದ್ದೆ ಒಂದೇ ಹಸಿರು. ಆಮೇಲೆ ಊರಿನ ಜನ ಏನಂತಾರೆ? 'ಅವನ ಕೈಗುಣ ಕಣಯ್ಯಾ' ಅಂತಾರೆ. ನೀರಿನ ಮಾತು ಯಾರೂ ಎತ್ತೋದಿಲ್ಲ.

ಶಾಸ್ತ್ರೀಯ ಸಂಗೀತದಲ್ಲಿ 'ಪ್ರತಿಭೆ' ಅಂತ ಯಾವುದನ್ನ ಕರೀತಾರೋ ಅದು ಇಂಥ ಬೇಸಿಗೆ ಬೆಳೆ ಅನ್ನೋದು ನಮ್ಮ ವಾದ. ಮೀಸಲಾತಿಯ ಮಾತು ಬಂದಾಗೆಲ್ಲ ನಮ್ಮ ಎದುರಾಳಿಗಳು ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲೋದು ಸಂಗೀತದ ಹತ್ತಿರ. 'ಎಂಜಿನಿಯರಿಂಗ್ ಸೀಟು ಕೇಳಿದಿರಿ, ಕೊಟ್ಟಿದ್ದಾಯ್ತು. ಇನ್ನು ಕಛೇರಿ ಮಾಡೋಕೂ ಮೀಸಲಾತಿ ಕೇಳ್ತೀರಾ? ಕಂಠ ದೇವರು ಕೊಟ್ಟಿದ್ದು, ಅದಕ್ಕೆ ಜಾತಿ ಇಲ್ಲ' ಅಂತ ಗೆದ್ದವರ ಥರ ನಗ್ತಾರೆ. ನಮ್ಮ ಹುಡುಗರು ಅಲ್ಲಿಗೆ ಸುಮ್ಮನಾಗಿಬಿಡ್ತಾರೆ. ಸುಮ್ಮನಾಗಬೇಕಾದ ಅಗತ್ಯ ಇಲ್ಲ. ಈ ಲೆಕ್ಕವನ್ನು ಅಮೆರಿಕದ ಕಪ್ಪು ಜನ ಐವತ್ತು ವರ್ಷಕ್ಕೂ ಹಿಂದೆಯೇ ಬಿಚ್ಚಿ ಬೀದಿಗೆ ಹಾಕಿದ್ದಾರೆ. ದಲಿತ ಪ್ಯಾಂಥರ್ ಅನ್ನೋ ಹೆಸರನ್ನು 1972ರಲ್ಲಿ ಬೊಂಬಾಯಿಯ ನಮ್ಮೋರು ತಗೊಂಡಿದ್ದು ಅವರಿಂದಲೇ. ಅವರ ಈ ಲೆಕ್ಕವನ್ನೂ ತಗೊಳ್ಳೋಣ. ದೂರದ ಬಿಳಿಯರ ಸಂಗೀತ ನಮಗ್ಯಾಕೆ ಅನ್ನಬೇಡಿ. ದೂರದ್ದಾದ್ದರಿಂದಲೇ ಅದು ಸ್ಪಷ್ಟವಾಗಿ ಕಾಣುತ್ತೆ.

ಅಲ್ಲಿ ಶಾಲೆಗಳಿಗೆ ಬೇಸಿಗೆ ರಜ ಜೂನಿಂದ ಆಗಸ್ಟ್‌ವರೆಗೆ. ಯುರೋಪಿನ ಶಾಸ್ತ್ರೀಯ ಸಂಗೀತ ಕಲಿಯೋ ಮಕ್ಕಳನ್ನು ಆ ವಾರಗಳಲ್ಲಿ ಪಟ್ಟಣದಿಂದ ದೂರ, ಕಾಡು ಕೆರೆ ಬೆಟ್ಟಗಳ ನಡುವೆ ಇಟ್ಟುಕೊಂಡು ತಯಾರು ಮಾಡುವ ಅಕಾಡೆಮಿಗಳಿವೆ. ಮಿಷಿಗನ್ ರಾಜ್ಯದ ಇಂಟರ್‌ಲಾಕನ್ ಎಂಬಲ್ಲಿ ಎರಡು ಕೆರೆಗಳ ನಡುವಿನ ಪೈನ್ ಕಾಡಿನಲ್ಲಿ ಜೋಸೆಫ್ ಮ್ಯಾಡಿ ಎಂಬ ಸಂಗೀತದ ಮೇಷ್ಟ್ರು 1928ರಲ್ಲಿ ಹೈಸ್ಕೂಲು ಮಕ್ಕಳ ಶಿಬಿರ ತೆರೆದರು. ಮ್ಯಾಸಚೂಸೆಟ್ಸ್ ರಾಜ್ಯದ ಟ್ಯಾಂಗಲ್‌ವುಡ್ ಎಂಬ ಎಸ್ಟೇಟಿನಲ್ಲಿ, ಅಂದರೆ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಬೇಸಿಗೆ ಬಿಡಾರದಲ್ಲಿ, ಅದರ ನಿರ್ದೇಶಕ ಸರ್ಜ್ ಕುಸೆವಿಟ್ಸ್ಕಿ 1940ರಲ್ಲಿ ಶಾಲೆ ಶುರುಮಾಡಿದರು. ನ್ಯೂಯಾರ್ಕ್ ರಾಜ್ಯದ ಬೆಟ್ಟಗಳಲ್ಲಿ 1944ರಲ್ಲಿ ಇವಾನ್ ಗಲಾಮಿಯನ್ ಎಂಬ ಪಿಟೀಲು ಗುರು ಮೆಡೋಮೌಂಟ್ ಶಾಲೆ ಕಟ್ಟಿದರು. (ಆರ್ಕೆಸ್ಟ್ರಾ ಅಂದರೆ ನಮ್ಮೂರ ಗಣೇಶನ ಪೆಂಡಾಲಿನ ಸಿನಿಮಾ ಹಾಡಿನದಲ್ಲ. ಎಂಬತ್ತು ತೊಂಬತ್ತು ಜನ ವಾದಕರು ಸಂಬಳದ ಮೇಲೆ ಕೂತು ಒಟ್ಟಿಗೆ ನುಡಿಸೋ ತಂಡ. ಅಲ್ಲೊಂದು ಕುರ್ಚಿ ಸಿಕ್ಕರೆ ಜೀವನಕ್ಕೆ ಭದ್ರ ನೌಕರಿ ಸಿಕ್ಕ ಹಾಗೆ.)

ಈ ಶಾಲೆಗಳೊಳಗೆ ಏನು ನಡೀತದೆ ಅನ್ನೋದು ಮುಖ್ಯ. ಮೆಡೋಮೌಂಟಿನಲ್ಲಿ ಮಕ್ಕಳು ದಿನಕ್ಕೆ ಐದು ಗಂಟೆ ಬಾಗಿಲು ಹಾಕ್ಕೊಂಡು ಒಬ್ಬೊಬ್ಬರೇ ಅಭ್ಯಾಸ ಮಾಡಬೇಕು, ಅದು ನಿಯಮ. ಪಾಠ, ಜೊತೆಗೂಡಿ ನುಡಿಸೋದು, ಸಂಜೆಯ ಕಛೇರಿ, ಎಲ್ಲ ಆ ಐದು ಗಂಟೆ ಆದಮೇಲೆ. ಇಟ್ಜಾಕ್ ಪರ್ಲ್‌ಮನ್, ಯೋ ಯೋ ಮಾ, ಈ ಹೆಸರುಗಳನ್ನು ಪೇಪರಿನಲ್ಲಿ ನೋಡಿರ್ತೀರಿ, ಚಿಕ್ಕಂದಿನಲ್ಲಿ ಅಲ್ಲಿ ಕೂತು ಕೈ ಸವೆಸಿದವರು. ಇಂಟರ್‌ಲಾಕನ್‌ನಲ್ಲಿ ಬಹಳ ಕಾಲ ಒಂದು ಪದ್ಧತಿಯಿತ್ತು. ವಾರಕ್ಕೊಮ್ಮೆ ಕುರ್ಚಿಗಾಗಿ ಸ್ಪರ್ಧೆ. ಹಿಂದಿನ ಸಾಲಿನ ಹುಡುಗ ಮುಂದಿನವನಿಗೆ ಸವಾಲು ಹಾಕಿ, ಚೆನ್ನಾಗಿ ನುಡಿಸಿದರೆ ಅವನ ಜಾಗಕ್ಕೆ ಹೋಗ್ತಿದ್ದ. ಸೋತರೆ ಎಲ್ಲರೆದುರು ಎದ್ದು ಹಿಂದಕ್ಕೆ. ಇದು ಮಕ್ಕಳಿಗೆ ಒಳ್ಳೇದೋ ಕೆಟ್ಟದ್ದೋ ಅಂತ ಅವರೇ ಜಗಳಾಡಿದ್ದಾರೆ, ನಾವು ಅದಕ್ಕೆ ಹೋಗಲ್ಲ. ನಾವು ನೋಡೋದು ಇಷ್ಟೇ: ಹನ್ನೆರಡು ವರ್ಷದ ಮಗು ಆರೇಳು ವಾರ ಒಂದು ಲೋಟ ನೀರು ಸೇದುವ ಹಾಗಿಲ್ಲ, ತಮ್ಮ ತಂಗಿಯರನ್ನು ಎತ್ತಾಡಿಸೋ ಹಾಗಿಲ್ಲ, ಮೂರು ಹೊತ್ತು ಊಟ ಮುಂದಿರುತ್ತೆ, ದೊಡ್ಡ ಗುರು ಎದುರಿಗಿರ್ತಾನೆ, ಸುತ್ತ ಮುತ್ತ ತನ್ನಷ್ಟೇ ಹಟದ ಮಕ್ಕಳು. ಇಂಥ ಬೇಸಿಗೆ ಒಂದಲ್ಲ, ಹತ್ತು ವರ್ಷಕ್ಕೆ ಹತ್ತು ಬೇಸಿಗೆ. ಹಾಗೆ ಬೆಳೆದವನ ಕೈ ಬೇರೆಯೇ ಆಗಿರುತ್ತೆ. ಆಗದೆ ಏನಾಗುತ್ತೆ?

ಪುಕ್ಕಟೆಯೇನೂ ಅಲ್ಲ. ಈಗ ಇಂಥ ಶಾಲೆಗಳಲ್ಲಿ ಒಂದು ಬೇಸಿಗೆಗೆ ಸಾವಿರಾರು ಡಾಲರು, ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ. ವಿದ್ಯಾರ್ಥಿವೇತನಗಳಿವೆ, ಇಲ್ಲ ಅನ್ನಲ್ಲ. ಟ್ಯಾಂಗಲ್‌ವುಡ್‌ನ ಮೇಲಿನ ತರಗತಿಗೆ ಆಯ್ಕೆಯಾದವರು ಫೀಸನ್ನೇ ಕಟ್ಟಬೇಕಾಗಿಲ್ಲ, ಊಟ ವಸತಿ ಅವರದೇ. ಆದರೆ ಅಲ್ಲಿಗೆ ಆಯ್ಕೆಯಾಗೋ ಹೊತ್ತಿಗೆ ಹುಡುಗನ ಹಿಂದೆ ಎಷ್ಟು ದುಡ್ಡಿನ ಬೇಸಿಗೆಗಳು ಸುರಿದಿರಬೇಕು ಅನ್ನೋದನ್ನ ಯಾರೂ ಕೇಳಲ್ಲ. ಆ ಕುಸೆವಿಟ್ಸ್ಕಿಯ ಕತೆಯನ್ನೇ ನೋಡಿ. ರಷ್ಯಾದ ಬಡ ಯಹೂದಿ ಮನೆಯಲ್ಲಿ ಹುಟ್ಟಿದವರು, ಪ್ರತಿಭಾವಂತರೇ ಸರಿ. ಆದರೆ ಆರ್ಕೆಸ್ಟ್ರಾ ನಡೆಸೋ ವಿದ್ಯೆ ಕಲಿಯೋಕೆ ಆರ್ಕೆಸ್ಟ್ರಾ ಬೇಕಲ್ಲ? ಟೀ ವ್ಯಾಪಾರದ ಕುಬೇರನೊಬ್ಬನ ಮಗಳನ್ನು ಮದುವೆಯಾದರು, ಆ ದುಡ್ಡಿನಲ್ಲಿ ತಂಡ ಕಟ್ಟಿದರು, ದೊಡ್ಡ ನಿರ್ದೇಶಕರಾದರು. ಅದಕ್ಕೆ ನಮ್ಮ ತಕರಾರಿಲ್ಲ. ಟೀ ಸೊಪ್ಪನ್ನೂ ಲೆಕ್ಕಕ್ಕೆ ಬರೆಯಿರಿ ಅಂತೀವಿ, ಅಷ್ಟೆ.

ಟ್ಯಾಂಗಲ್‌ವುಡ್‌ನ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಒಬ್ಬರು ಲೆನರ್ಡ್ ಬರ್ನ್‌ಸ್ಟೈನ್. 1940ರ ಆ ಬೇಸಿಗೆಯಲ್ಲಿ ಗುರುವಿನ ಕಣ್ಣಿಗೆ ಬಿದ್ದರು. 1943ರ ನವೆಂಬರಿನಲ್ಲಿ ಹಿರಿಯ ನಿರ್ದೇಶಕರೊಬ್ಬರಿಗೆ ಕಾಯಿಲೆಯಾದಾಗ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಮುಂದೆ ನಿಂತು ಒಂದೇ ರಾತ್ರಿಗೆ ದೇಶಕ್ಕೆಲ್ಲ ಪರಿಚಯವಾದರು. ಅದೇ ಟ್ಯಾಂಗಲ್‌ವುಡ್‌ಗೆ 1946ರಲ್ಲಿ ಎವರೆಟ್ ಲೀ ಎಂಬ ಕಪ್ಪು ಯುವಕ ಹೋದರು, ಅದೂ ವಿದ್ಯಾರ್ಥಿವೇತನದ ಮೇಲೆ. ಆ ಹೊತ್ತಿಗಾಗಲೇ ಬ್ರಾಡ್‌ವೇ ನಾಟಕಕ್ಕೆ ಸಂಗೀತ ನಡೆಸಿದ್ದವರು. ವಾಪಸು ಬಂದು 1947ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ಕಪ್ಪು ಬಿಳಿ ಇಬ್ಬರೂ ಇರುವ ತಂಡ ಕಟ್ಟಿದರು. 1953ರಲ್ಲಿ ದಕ್ಷಿಣದ ಲೂಯಿವಿಲ್‌ನಲ್ಲಿ ಬಿಳಿಯರ ಆರ್ಕೆಸ್ಟ್ರಾ ಮುಂದೆ ನಿಂತರು. ಆದರೆ ತಾಯ್ನಾಡಿನ ದೊಡ್ಡ ತಂಡಗಳಲ್ಲಿ ಒಂದೂ ಅವರಿಗೆ ಖಾಯಂ ಹುದ್ದೆ ಕೊಡಲಿಲ್ಲ. ಕೊನೆಗೆ ಯುರೋಪಿಗೆ ಹೋದರು. ಸ್ವೀಡನ್ನಿನ ನಾರ್ಶಾಪಿಂಗ್ ಪಟ್ಟಣದ ತಂಡವನ್ನು 1962ರಿಂದ ಹತ್ತು ವರ್ಷ ನಡೆಸಿದರು. ಅಲ್ಲೇ ನೆಲೆಸಿ, 105 ವರ್ಷ ಬಾಳಿ, 2022ರಲ್ಲಿ ತೀರಿಕೊಂಡರು. ಬೇಸಿಗೆ ಸಿಕ್ಕಿದ್ರೆ ಸಾಕು ಎಲ್ಲ ಸರಿಹೋಗುತ್ತೆ ಅಂತ ನಾವು ಹೇಳ್ತಾ ಇಲ್ಲ ಅನ್ನೋದಕ್ಕೆ ಈ ಮಾತು ಹೇಳಿದ್ವಿ. ಬೇಸಿಗೆ ಸಿಕ್ಕಿದವನನ್ನೇ ಹೀಗೆ ದೇಶ ಬಿಡಿಸಿದರು ಅಂದಮೇಲೆ ಸಿಗದವರ ಪಾಡು?

ಸಿಗದವರ ಪೈಕಿ ಒಬ್ಬಳ ಕತೆ ಪೂರ್ತಿ ಹೇಳಲೇಬೇಕು.

ನಾರ್ತ್ ಕ್ಯಾರೊಲಿನಾದ ಟ್ರೈಯಾನ್ ಎಂಬ ಸಣ್ಣ ಊರು. ಅಲ್ಲಿ 1933ರಲ್ಲಿ ಯೂನಿಸ್ ವೇಮನ್ ಎಂಬ ಕಪ್ಪು ಹೆಣ್ಣುಮಗು ಹುಟ್ಟಿತು. ಎಂಟು ಮಕ್ಕಳಲ್ಲಿ ಆರನೆಯದು. ತಾಯಿ ಚರ್ಚಿನಲ್ಲಿ ಉಪದೇಶ ಮಾಡ್ತಿದ್ದಳು, ಹೊಟ್ಟೆಪಾಡಿಗೆ ಬಿಳಿಯರ ಮನೆ ಕೆಲಸ. ಮಗು ಚರ್ಚಿನ ಪಿಯಾನೋ ಮೇಲೆ ತಾನಾಗೇ ನುಡಿಸೋದನ್ನ ಕಂಡು ತಾಯಿ ಕೆಲಸಕ್ಕಿದ್ದ ಮನೆಯ ಯಜಮಾನಿ ಪಾಠಕ್ಕೆ ದುಡ್ಡು ಕೊಟ್ಟಳು. ಮ್ಯೂರಿಯಲ್ ಮ್ಯಾಜನೋವಿಚ್ ಎಂಬ ಇಂಗ್ಲಿಷ್ ಹೆಂಗಸು ಬಾಖ್‌ನ ಕೃತಿಗಳನ್ನ ಹೇಳಿಕೊಟ್ಟಳು. ಆ ದುಡ್ಡು ಮುಗಿದ ಮೇಲೆ ಊರಿನವರು, ಕಪ್ಪು ಬಿಳಿ ಇಬ್ಬರೂ, ಚಂದಾ ಎತ್ತಿ ನಿಧಿ ಮಾಡಿದರು. ಹನ್ನೊಂದೋ ಹನ್ನೆರಡೋ ವರ್ಷದ ಹುಡುಗಿಯ ಕಛೇರಿ ಇಟ್ಟಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ತಂದೆತಾಯಿಯನ್ನು ಬಿಳಿಯರಿಗೆ ಜಾಗ ಬಿಡಿ ಅಂತ ಹಿಂದಕ್ಕೆ ಎಬ್ಬಿಸಿದರು. ಅವರನ್ನ ಮುಂದೆ ಕೂರಿಸೋವರೆಗೂ ನುಡಿಸೋದಿಲ್ಲ ಅಂದುಬಿಟ್ಟಳು ಹುಡುಗಿ. ಕೂರಿಸಿದರು. ಇಂಥ ಹುಡುಗಿ ಅವಳು!

ಅವಳ ಆಸೆ ಒಂದೇ, ಶಾಸ್ತ್ರೀಯ ಪಿಯಾನೋ ವಾದಕಿ ಆಗೋದು. ಫಿಲಡೆಲ್ಫಿಯಾದಲ್ಲಿ ಕರ್ಟಿಸ್ ಸಂಸ್ಥೆ ಅಂತಿದೆ. 1928ರಿಂದ ಅಲ್ಲಿ ಯಾರಿಗೂ ಫೀಸಿಲ್ಲ, ಒಳಗೆ ಹೋದರೆ ಸಾಕು. ಒಳಗೆ ಹೋಗೋದೇ ಕಷ್ಟ, ಬೆರಳೆಣಿಕೆಯಷ್ಟು ಸೀಟು. ಆ ಪರೀಕ್ಷೆಗೆ ತಯಾರಾಗಲಿ ಅಂತ 1950ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಒಂದು ಬೇಸಿಗೆ ಓದೋಕೆ ಕಳಿಸಿದರು. ಕಾರ್ಲ್ ಫ್ರೀಡ್‌ಬರ್ಗ್ ಎಂಬ ದೊಡ್ಡ ಗುರುವಿನ ಹತ್ತಿರ ಪಾಠ. ಮಗಳಿಗೆ ಸೀಟು ಸಿಕ್ಕೇ ಸಿಗುತ್ತೆ ಅಂತ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಫಿಲಡೆಲ್ಫಿಯಾಕ್ಕೆ ಬಂದು ನೆಲೆಸಿದರು. 1951ರಲ್ಲಿ ಕರ್ಟಿಸ್ ಅವಳನ್ನ ತೆಗೆದುಕೊಳ್ಳಲಿಲ್ಲ.

ಬಣ್ಣದ ಕಾರಣಕ್ಕೇ ತಳ್ಳಿದರು ಅಂತ ಅವಳು ಸಾಯೋವರೆಗೂ ನಂಬಿದ್ದಳು. ಇಲ್ಲ, ಅವಳಿಗಿಂತ ಚೆನ್ನಾಗಿ ನುಡಿಸೋರಿದ್ದರು, ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಆ ಸಂಸ್ಥೆಯ ಕಡೆಯವರು ಹೇಳ್ತಾ ಬಂದರು. ಎಪ್ಪತ್ತು ವರ್ಷದಿಂದ ಈ ವಾದ ನಡೀತಿದೆ. ನಾವು ಕೇಳೋದು ಬೇರೆ. ಸಂಸ್ಥೆಯವರ ಮಾತೇ ನಿಜ ಅಂತ ಇಟ್ಟುಕೊಳ್ಳಿ. ಆವತ್ತು ಅವಳಿಗಿಂತ ಚೆನ್ನಾಗಿ ನುಡಿಸಿದವರು ಇದ್ದರು ಅಂತಲೇ ಇಟ್ಟುಕೊಳ್ಳಿ. ಅವರ ಹಿಂದೆ ಎಷ್ಟು ಬೇಸಿಗೆಗಳಿದ್ದವು? ಇವಳ ಹಿಂದೆ ಇದ್ದದ್ದು ಒಂದು. ಅದೂ ಊರಿನವರು ಚಂದಾ ಎತ್ತಿ ಕೊಟ್ಟದ್ದು. ಒಂದು ಬೇಸಿಗೆಯವಳು ಸೋತಳು ಅನ್ನೋದಾದರೆ ಅವಳನ್ನ ಸೋಲಿಸಿದ್ದು ಬಣ್ಣ ಅಲ್ಲ ಅಂತ ಹೇಗೆ ಹೇಳ್ತೀರಿ? ಮನೆ ಕೆಲಸದವಳ ಮಗಳಿಗೆ ಒಂದೇ ಬೇಸಿಗೆ ಸಿಕ್ಕಿದ್ದು ಯಾವ ಕಾರಣಕ್ಕೆ?

ಆಮೇಲಿನದು ಲೋಕಕ್ಕೇ ಗೊತ್ತು. ಖಾಸಗಿ ಪಾಠದ ದುಡ್ಡಿಗಾಗಿ 1954ರಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಬಾರಿನಲ್ಲಿ ಪಿಯಾನೋ ನುಡಿಸೋಕೆ ಸೇರಿದಳು. ಬರೀ ನುಡಿಸಿದರೆ ಆಗಲ್ಲ, ಹಾಡಬೇಕು, ಇಲ್ಲ ಅಂದ್ರೆ ಕೆಲಸ ಇಲ್ಲ ಅಂದ ಮಾಲೀಕ. ಹಾಡಿದಳು. ಹೆಂಡದಂಗಡಿಯಲ್ಲಿ ಹಾಡ್ತಾಳೆ ಅನ್ನೋದು ತಾಯಿಗೆ ಗೊತ್ತಾಗದಿರಲಿ ಅಂತ ಹೆಸರು ಬದಲಾಯಿಸಿಕೊಂಡಳು. ನೀನಾ ಸಿಮೋನ್. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದಾಗ 'ಮಿಸಿಸಿಪಿ ಗಾಡ್ ಡ್ಯಾಮ್' ಕಟ್ಟಿ ಹಾಡಿದವಳು ಇವಳೇ. ಕಪ್ಪು ಜನರ ಹೋರಾಟಕ್ಕೆ ದನಿಯಾದಳು. ಕರ್ಟಿಸ್ ಸಂಸ್ಥೆ 2003ರ ಏಪ್ರಿಲಿನಲ್ಲಿ ಅವಳಿಗೆ ಗೌರವ ಪದವಿ ಕೊಟ್ಟಿತು. ಎರಡು ದಿನಕ್ಕೆ ತೀರಿಕೊಂಡಳು.

ಇಲ್ಲಿ ಒಂದು ಜಾಣ ಮಾತು ಬರುತ್ತೆ, ನಮ್ಮ ಗೆಳೆಯರೇ ಹೇಳ್ತಾರೆ: 'ಒಳ್ಳೇದೇ ಆಯ್ತಲ್ಲ, ಕರ್ಟಿಸ್‌ನಲ್ಲಿ ಸೀಟು ಸಿಕ್ಕಿದ್ದಿದ್ರೆ ನೀನಾ ಸಿಮೋನ್ ಸಿಗ್ತಿರಲಿಲ್ಲ.' ಸಿಟ್ಟು ಬರೋದು ಈ ಮಾತಿಗೆ. ಯಾರಿಗೆ ಒಳ್ಳೇದಾಯ್ತು? ಕೇಳೋರಿಗೆ ಒಳ್ಳೇದಾಯ್ತು. ಅವಳು ಬಯಸಿದ್ದು ಬಾಖ್. ಗಾಯಗೊಂಡವರು ಚೆನ್ನಾಗಿ ಹಾಡ್ತಾರೆ ಅಂತ ಗಾಯ ಮಾಡೋನನ್ನು ಹೊಗಳೋದೇನ್ರಿ? ನಮ್ಮ ಹೆಂಗಸರು ಕೂಲಿ ಮಾಡ್ತಾ ಹಾಡಿದ ಪದಗಳನ್ನ ಟೇಪಿಗೆ ತುಂಬಿಕೊಂಡು ಹೋಗಿ ಡಾಕ್ಟರೇಟು ತಗೊಂಡೋರೂ ಹೀಗೇ ಮಾತಾಡ್ತಾರೆ. ಕಷ್ಟ ಇದ್ದದ್ದಕ್ಕೇ ಈ ಪದ ಹುಟ್ಟಿದ್ದು ಅಂತಾರೆ. ಕಷ್ಟ ಇನ್ನೊಂದಷ್ಟು ದಿನ ಇರಲಿ ಅನ್ನೋ ಹಾಗೆ.

ಈಗ ಪರದೆಯ ವಿಷಯ. 1969ರಲ್ಲಿ ಇಬ್ಬರು ಕಪ್ಪು ವಾದಕರು, ಚೆಲ್ಲೋ ನುಡಿಸೋ ಅರ್ಲ್ ಮ್ಯಾಡಿಸನ್, ಡಬಲ್ ಬಾಸ್ ನುಡಿಸೋ ಆರ್ಥರ್ ಡೇವಿಸ್, ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ತಂಡ ವರ್ಣಭೇದ ಮಾಡಿದೆ ಅಂತ ನಗರದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ನಮ್ಮನ್ನ ಪರದೆ ಹಿಂದೆ ಕೂರಿಸಿ ನುಡಿಸಿ, ಮುಖ ನೋಡಬೇಡಿ ಅನ್ನೋದು ಅವರ ಸವಾಲು. ಖಾಯಂ ನೇಮಕದಲ್ಲಿ ಭೇದ ಸಾಬೀತಾಗಿಲ್ಲ, ಆದರೆ ಬದಲಿ ವಾದಕರನ್ನ ಕರೆಯೋದರಲ್ಲಿ ಭೇದ ಆಗಿದೆ ಅಂತ 1970ರಲ್ಲಿ ಆಯೋಗ ಹೇಳಿತು. ಬದಲಿಗೆ ಯಾರನ್ನ ಕರೀತಿದ್ದರು? ತಮ್ಮ ಶಿಷ್ಯರನ್ನ, ಗುರುತಿನವರನ್ನ. ಗುರುತು ಆಗೋದಾದರೂ ಎಲ್ಲಿ? ಟ್ಯಾಂಗಲ್‌ವುಡ್‌ನಲ್ಲಿ ಪಾಠ ಹೇಳೋರಲ್ಲಿ ಬಾಸ್ಟನ್ ತಂಡದ ವಾದಕರೇ ಇರ್ತಾರೆ. ಬೇಸಿಗೆಯಲ್ಲಿ ಅವರ ಜೊತೆ ಉಂಡು ನುಡಿಸಿದ ಹುಡುಗನ ಹೆಸರು ಮಳೆಗಾಲಕ್ಕೂ ನೆನಪಿರುತ್ತೆ.

ಪರದೆ ಪದ್ಧತಿ ಆಮೇಲೆ ಎಲ್ಲ ಕಡೆ ಬಂತು. ಬಾಸ್ಟನ್ನಿನಲ್ಲಿ 1952ರಷ್ಟು ಹಿಂದೆಯೇ ಇತ್ತು, 1970ರ ದಶಕದಿಂದ ಉಳಿದವರೂ ಹಿಡಿದರು. ಅಭ್ಯರ್ಥಿಗೆ ಹೆಸರಿಲ್ಲ, ನಂಬರು ಮಾತ್ರ. ಹೆಂಗಸರ ಹಿಮ್ಮಡಿ ಶಬ್ದ ಕೇಳಿಸಬಾರದು ಅಂತ ನೆಲಕ್ಕೆ ಜಮಖಾನೆ ಹಾಸ್ತಾರೆ. ಪರಿಣಾಮ ಏನಾಯ್ತು? 1970ರಲ್ಲಿ ಅಮೆರಿಕದ ಐದು ದೊಡ್ಡ ತಂಡಗಳಲ್ಲಿ ಹೆಂಗಸರು ನೂರಕ್ಕೆ 5ರಷ್ಟು ಇದ್ದದ್ದು 1997ರ ಹೊತ್ತಿಗೆ 25ರಷ್ಟಾದರು. ಪರದೆಯೊಂದರಿಂದಲೇ ಆಯ್ತು ಅಂತಲ್ಲ, ಅದರ ಪಾಲು ಇದೆ. ಕಪ್ಪು ಜನ? ದೇಶದ ಜನಸಂಖ್ಯೆಯಲ್ಲಿ ಅವರು ನೂರಕ್ಕೆ ಸುಮಾರು 13. ಅಮೆರಿಕದ ಆರ್ಕೆಸ್ಟ್ರಾಗಳ ಒಕ್ಕೂಟ 2023ರಲ್ಲಿ ಹಾಕಿದ ಲೆಕ್ಕದ ಪ್ರಕಾರ ವಾದಕರಲ್ಲಿ ಅವರ ಪಾಲು ನೂರಕ್ಕೆ 2.4. ಆ ನ್ಯೂಯಾರ್ಕ್ ತಂಡದಲ್ಲಿ 1969ರಲ್ಲಿ ದೂರು ಬಂದಾಗ ಇದ್ದ ಕಪ್ಪು ವಾದಕ ಒಬ್ಬರು, ಪಿಟೀಲಿನ ಸ್ಯಾನ್‌ಫರ್ಡ್ ಆಲೆನ್. ಐವತ್ತು ವರ್ಷದ ನಂತರ 2020ರಲ್ಲಿ ಇದ್ದವರೂ ಒಬ್ಬರು, ಕ್ಲಾರಿನೆಟ್‌ನ ಆಂಟನಿ ಮೆಗಿಲ್.

ಪರದೆ ಹೆಂಗಸರಿಗೆ ಕೆಲಸ ಮಾಡಿತು, ಕಪ್ಪು ಜನರಿಗೆ ಯಾಕೆ ಮಾಡಲಿಲ್ಲ? ನಮಗೆ ಕಾಣೋದು ಇದು. ಅನುಕೂಲಸ್ಥ ಬಿಳಿಯರ ಮನೆ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಜೊತೆ ಅದೇ ಬೇಸಿಗೆ ಶಾಲೆಗಳಲ್ಲಿ ಕಲಿತಿದ್ದರು. ಬೆಳೆ ಬೆಳೆದು ನಿಂತಿತ್ತು, ಸಂತೆಗೆ ತರೋಕೆ ಬಿಟ್ಟಿರಲಿಲ್ಲ. ಪರದೆ ಬಂದ ಕೂಡಲೆ ದಾರಿ ಬಿಟ್ಟಿತು. ಕಪ್ಪು ಮಕ್ಕಳಿಗೆ ನೀರೇ ಹರಿದಿರಲಿಲ್ಲ. ಪರದೆ ಮುಖ ಮುಚ್ಚುತ್ತೆ, ಕಳೆದುಹೋದ ಬೇಸಿಗೆಗಳನ್ನು ತುಂಬಿಕೊಡೋದಿಲ್ಲ. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಗೀತ ವಿಮರ್ಶಕ ಆಂಟನಿ ಟೊಮಾಸಿನಿ ಎಂಬ ಬಿಳಿಯರು, ಪರದೆ ತೆಗೆದು ಕಣ್ಣುಬಿಟ್ಟು ಆರಿಸಿ ಅಂತ ಬರೆದಾಗ ಗಲಾಟೆಯೇ ಆಯ್ತು. ನಮ್ಮ ಓದುಗರಿಗೆ ಇದು ಹೊಸ ಗಲಾಟೆ ಏನಲ್ಲ. ನಮ್ಮ ಪರೀಕ್ಷೆಗಳಲ್ಲೂ ಹೆಸರಿಲ್ಲ, ರಿಜಿಸ್ಟರ್ ನಂಬರು ಮಾತ್ರ, ಇನ್ನೆಲ್ಲಿ ಜಾತಿ ಅಂತ ಕೇಳೋ ಮಹನೀಯರನ್ನ ದಿನಾ ನೋಡ್ತೀವಲ್ಲ!

ಕಪ್ಪು ಜನ ಇದನ್ನ ಅರ್ಥಮಾಡಿಕೊಂಡು ಕೆಲಸ ಎಲ್ಲಿಂದ ಶುರುಮಾಡಿದರು ನೋಡಿ. ಆರನ್ ಡ್ವೋರ್ಕಿನ್ ಎಂಬ ಕಪ್ಪು ಪಿಟೀಲುವಾದಕ 1990ರ ದಶಕದ ಕೊನೆಯಲ್ಲಿ ಸ್ಫಿಂಕ್ಸ್ ಎಂಬ ಸಂಸ್ಥೆ ಕಟ್ಟಿದರು. ಮೊದಲು ಸ್ಪರ್ಧೆ ನಡೆಸಿದರು. ಸ್ಪರ್ಧೆ ಸಾಲದು ಅಂತ ಬೇಸಿಗೆ ಅಕಾಡೆಮಿಯನ್ನೇ ತೆರೆದರು. ಹನ್ನೊಂದರಿಂದ ಹದಿನೇಳು ವರ್ಷದ ಕಪ್ಪು, ಲ್ಯಾಟಿನೋ ಮಕ್ಕಳಿಗೆ ತಂತಿವಾದ್ಯದ ಕಠಿಣ ತರಬೇತಿ, ಫೀಸು ವಸತಿ ಎಲ್ಲ ಸಂಸ್ಥೆಯದು. ಜೊತೆಗೆ 2018ರಿಂದ ಆಯ್ಕೆ ಪರೀಕ್ಷೆಗೆ ಹೋಗೋ ಯುವಕರಿಗೆ ಪ್ರಯಾಣದ ಖರ್ಚು, ತಯಾರಿ ಪಾಠ ಕೊಡೋ ವ್ಯವಸ್ಥೆಯನ್ನ ಇತರರ ಜೊತೆ ಸೇರಿ ಮಾಡಿದ್ದಾರೆ. ದೊಡ್ಡ ಕಂಪನಿಗಳ ದಾನದ ದುಡ್ಡಿನ ಮೇಲೆ ನಿಂತ ಕೆಲಸ ಇದು, ಆ ದುಡ್ಡು ಯಾವಾಗ ಬೇಕಾದರೂ ಮುಖ ತಿರುಗಿಸಬಹುದು. ಆದರೂ ಹಿಡಿದ ತುದಿ ಸರಿಯಾದದ್ದು. ಕುರ್ಚಿ ಕೊಡಿ ಅಂತ ಕೇಳೋದರ ಜೊತೆಗೆ ಬೇಸಿಗೆಗೇ ಕೈ ಹಾಕಿದರು.

ಇನ್ನು ನಮ್ಮ ಕಡೆ. ನಮ್ಮಲ್ಲೂ ಬೇಸಿಗೆ ಅಂದರೆ ಸಂಗೀತದ ಕಾಲ. ರಾಮನವಮಿ ಬಂತು ಅಂದರೆ ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಪೆಂಡಾಲು, 1939ರಿಂದ ನಡೆದುಬಂದದ್ದು. ಮಕ್ಕಳಿಗೆ ರಜ, ಬಡಾವಣೆ ಬಡಾವಣೆಗೂ ಸಂಗೀತ ಶಿಬಿರ, ಬೆಳಿಗ್ಗೆ ಪಾಠ, ಸಂಜೆ ಅಪ್ಪ ಅಮ್ಮನ ಕೈ ಹಿಡಿದು ಕಛೇರಿ. ಅದಕ್ಕೂ ಹಿಂದೆ ಗುರುಕುಲ ಅಂತಿತ್ತು. ಅಮೆರಿಕದ ಬೇಸಿಗೆ ಶಾಲೆ ಅಂದರೆ ಫೀಸು ಕಟ್ಟೋ ಗುರುಕುಲವೇ. ಗುರುವಿನ ಮನೇಲಿ ಉಂಡು ಮಲಗಿ ಕಲಿಯೋದು. ಯಾರ ಕಾಲು ಆ ಮನೆಯ ಅಡುಗೆಕೋಣೆ ಹೊಸ್ತಿಲು ದಾಟಬಾರದಿತ್ತೋ ಅವರಿಗೆ ರಾಗ ಎಲ್ಲಿಂದ ಬರಬೇಕು? ಅವರ ಕೈಗೆ ಬಂದದ್ದು ಚರ್ಮದ ಕೆಲಸ. ಮೃದಂಗಕ್ಕೆ ಹಸು, ಆಡು, ಎಮ್ಮೆ ಚರ್ಮ ಹದ ಮಾಡಿ ಬಿಗಿಯೋ ತಮಿಳುನಾಡಿನ ದಲಿತ ಕ್ರೈಸ್ತ ಕುಶಲಿಗಳ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕ ಬರೆದರು. ನಾದ ಸರಿಯಾಗಿದೆಯೋ ಇಲ್ಲವೋ ಅಂತ ಬೆರಳಲ್ಲಿ ತಟ್ಟಿ ಹೇಳಬಲ್ಲ ಕಿವಿ ಅವರದು. ಆ ಪುಸ್ತಕ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟು ಆಮೇಲೆ ವಾಪಸು ತಗೊಂಡಿತು. ನಮ್ಮೋರಿಗೆ ಕಿವಿ ಇಲ್ಲ ಅನ್ನೋ ಮಾತು ಇನ್ನು ಯಾರೂ ಆಡಬಾರದು.

ಇಳಯರಾಜ ಅವರ ಬೇಸಿಗೆ ಶಾಲೆ ಯಾವುದು ಗೊತ್ತಾ? ಪಣ್ಣೈಪುರಂ ಎಂಬ ಹಳ್ಳಿಯ ದಲಿತ ಮನೆಯಲ್ಲಿ 1943ರಲ್ಲಿ ಹುಟ್ಟಿದ ಹುಡುಗ ಹದಿಹರೆಯದಲ್ಲಿ ಅಣ್ಣ ಪಾವಲರ್ ವರದರಾಜನ್ ಕಟ್ಟಿದ್ದ ಹಾಡಿನ ತಂಡದ ಜೊತೆ ಊರೂರು ಸುತ್ತಿದ. ಕಮ್ಯುನಿಸ್ಟ್ ಪಕ್ಷದ ಪ್ರಚಾರ ಸಭೆಗಳಲ್ಲಿ ಹಾಡೋ ತಂಡ ಅದು. 1968ರಲ್ಲಿ ಮದರಾಸಿಗೆ ಹೋಗಿ ಧನರಾಜ್ ಮಾಸ್ಟರ್ ಹತ್ತಿರ ಯುರೋಪಿನ ಸಂಗೀತವನ್ನ ಬರೆದು ಓದಿ ಕಲಿತ. 2025ರ ಮಾರ್ಚ್‌ನಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ತಾನು ಬರೆದ ಸಿಂಫನಿಯನ್ನ ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ತಂಡದಿಂದ ನುಡಿಸಿದರು. ಅವರ ಇವತ್ತಿನ ರಾಜಕೀಯ ನಮ್ಮದಲ್ಲ, ಅದು ಬೇರೆ ಮಾತು. ಆದರೆ ಇಂಥವರೊಬ್ಬರನ್ನ ತೋರಿಸಿ 'ನೋಡಿ, ಬರಬೇಕು ಅನ್ನೋರು ಬಂದೇ ಬರ್ತಾರೆ' ಅನ್ನೋರಿಗೆ ಒಂದೇ ಪ್ರಶ್ನೆ. ಆ ಅಣ್ಣನ ತಂಡ ಇಲ್ಲದಿದ್ದರೆ? ಬಾರದೇ ಹೋದವರ ಪಟ್ಟಿ ಯಾರ ಹತ್ತಿರ ಇದೆ?

ನಮ್ಮೊಳಗಿನ ಕೆಲವರು ಕೇಳ್ತಾರೆ, ಆ ಬ್ರಾಹ್ಮಣರ ಸಂಗೀತ ನಮಗ್ಯಾಕೆ, ತಮಟೆ ಸಾಲದಾ ಅಂತ. ತಮಟೆ ಬೇಕು. ತಮಟೆಗೂ ಗುರು ಬೇಕು, ಹೊತ್ತು ಬೇಕು, ಅದೂ ಸುಮ್ಮನೆ ಬರಲ್ಲ. ಆದರೆ ನಮ್ಮ ಹುಡುಗಿ ವೀಣೆ ಕಲೀತೀನಿ, ಪಿಯಾನೋ ಕಲೀತೀನಿ ಅಂದರೆ ನಿನಗೆ ತಮಟೆಯೇ ಸರಿ ಅನ್ನೋಕೆ ನಾವ್ಯಾರು? ಆ ಮಾತನ್ನ ಹೇಳೋಕೆ ಆಚೆ ಕಡೆ ಬೇಕಾದಷ್ಟು ಜನ ಇದ್ದಾರೆ.

ನಮ್ಮ ಮಕ್ಕಳ ಬೇಸಿಗೆ ಎಲ್ಲಿ ಕಳೀತಿದೆ? ಏಪ್ರಿಲ್ ಬಂತು ಅಂದರೆ ಶಾಲೆಗೆ ರಜ. ಮೆಟ್ರಿಕ್ ಪೂರ್ವ ಹಾಸ್ಟೆಲುಗಳು ಖಾಲಿ, ಬಾಗಿಲಿಗೆ ಬೀಗ. ತಟ್ಟೆ ಲೋಟ ಟ್ರಂಕಿಗೆ ತುಂಬಿಕೊಂಡು ಊರಿಗೆ ಬಂದ ಹುಡುಗ ಮಾರನೇ ದಿನ ಇಟ್ಟಿಗೆ ಗೂಡಿಗೋ ಮಾವಿನ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋಗ್ತಾನೆ. ಹುಡುಗಿ ತಾಯಿ ಜೊತೆ ಕಳೆ ಕೀಳೋಕೆ, ಇಲ್ಲ ಮನೆ ಕೆಲಸಕ್ಕೆ. ಎರಡು ತಿಂಗಳ ಆ ಕೂಲಿಯಿಂದ ಜೂನ್ ತಿಂಗಳ ಪುಸ್ತಕ, ಬಟ್ಟೆ, ಮನೆಯ ಸಾಲದ ಬಡ್ಡಿ. ಪಕ್ಕದ ಬೀದಿಯ ಮಗು ಎಂಟು ಬೇಸಿಗೆ ವರ್ಣ, ಕೀರ್ತನೆ ಕಲಿಯೋ ಹೊತ್ತಿಗೆ ನಮ್ಮ ಮಗು ಎಂಟು ಬೇಸಿಗೆ ಇಟ್ಟಿಗೆ ಹೊತ್ತಿರುತ್ತೆ. ಹದಿನೆಂಟನೇ ವರ್ಷಕ್ಕೆ ಇಬ್ಬರನ್ನೂ ಒಂದೇ ಪರದೆ ಹಿಂದೆ ಕೂರಿಸಿ.

ಆದ್ದರಿಂದ ಉಚಿತ ಸಂಗೀತ ಶಿಬಿರ ಅಂತ ಬೋರ್ಡು ಹಾಕಿದರೆ ನಮಗೆ ಸಾಲದು. ಫೀಸಿಲ್ಲದ ಶಿಬಿರವೂ ನಮ್ಮ ಮಕ್ಕಳಿಗೆ ಉಚಿತವಲ್ಲ, ಎರಡು ತಿಂಗಳ ಕೂಲಿ ಹೋಗುತ್ತೆ. ನಾವು ಕೇಳಬೇಕಾದ್ದು ಇದು: ಏಪ್ರಿಲ್, ಮೇ ಎರಡೂ ತಿಂಗಳು ಹಾಸ್ಟೆಲುಗಳು ತೆರೆದಿರಬೇಕು. ಊಟ ಇರಬೇಕು. ಜಿಲ್ಲೆಗೆ ಒಂದೆರಡು ಹಾಸ್ಟೆಲುಗಳಲ್ಲಾದರೂ ಹಾಡು, ಪಿಟೀಲು, ಹಾರ್ಮೋನಿಯಂ, ತಮಟೆ, ಓಲಗ, ಮಕ್ಕಳು ಕೇಳಿದ್ದನ್ನ ಹೇಳಿಕೊಡೋ ಗುರುಗಳನ್ನ ಸಂಬಳ ಕೊಟ್ಟು ಕೂರಿಸಬೇಕು. ವಾದ್ಯ ಸರ್ಕಾರದ್ದೇ ಆಗಬೇಕು. ಮನೆಗೆ ಆಗೋ ಕೂಲಿ ನಷ್ಟಕ್ಕೆ ತಿಂಗಳಿಗಿಷ್ಟು ಅಂತ ಕೊಡಬೇಕು. ಕೊನೆಯದನ್ನ ಕೇಳಿದಾಗ ಅಧಿಕಾರಿಗಳು ನಗ್ತಾರೆ. ನಗಲಿ. ಟ್ಯಾಂಗಲ್‌ವುಡ್‌ನಲ್ಲಿ ಊಟ ವಸತಿ ಕೊಟ್ಟು ಕಲಿಸೋದು ಕಂಡರೆ ಅವರು ನಗೋದಿಲ್ಲ, ಫೋಟೋ ತೆಗೆಸಿಕೊಂಡು ಬರ್ತಾರೆ.

ಅರ್ಜಿ ಬರೆಯೋಕೆ ಲೆಕ್ಕ ಬೇಕು. ನಿಮ್ಮ ತಾಲ್ಲೂಕಿನ ಯಾವ ಹಾಸ್ಟೆಲಿಗೆ ಈ ಸಲ ಯಾವ ತಾರೀಕು ಬೀಗ ಬಿತ್ತು, ಅಲ್ಲಿನ ಎಷ್ಟು ಮಕ್ಕಳು ಯಾವ ಕೆಲಸಕ್ಕೆ ಹೋದರು, ದಿನಕ್ಕೆ ಎಷ್ಟು ಕೂಲಿ ಸಿಕ್ತು, ಇಷ್ಟನ್ನ ಒಂದು ಕಾರ್ಡಿನಲ್ಲೋ ಹಾಳೆಯಲ್ಲೋ ಬರೆದು ಮುಂದಿನ ಸಭೆಗೆ ತನ್ನಿ. ಹಾಡೋ ಮಗು, ನುಡಿಸೋ ಮಗು ಯಾವುದಾದರೂ ಇದ್ದರೆ ಅದಕ್ಕೆ ಏನು ಕಲಿಯೋ ಆಸೆ ಅಂತ ಅದನ್ನೇ ಕೇಳಿ ಬರೆಯಿರಿ. ನೀವೇ ಊಹಿಸಿ ತುಂಬಬೇಡಿ.